ನ್ಯೂಟ್ರಿನೊ ಮತ್ತು ‘ಅಸಾಧ್ಯ’ ಎಂಬ ಪದ

ಇಂಗ್ಲಿಷ್ ವಿಜ್ಞಾನ ಪುಸ್ತಕಗಳಲ್ಲಿ ‘ಇಂಪಾಸಿಬಲ್’, ‘ಇಂಪ್ರಾಕ್ಟಿಕಬಲ್’, ‘ಇಂಪ್ರಾಕ್ಟಿಕಲ್’ ಎಂಬ ಪದಗಳನ್ನು ನೀವು ಕಂಡಿರುತ್ತೀರಿ. ಕನ್ನಡಕ್ಕೆ ತರುವಾಗ ಮೂರಕ್ಕೂ ‘ಅಸಾಧ್ಯ’ ಎಂದು ಬರೆದು ಮುಂದೆ ಹೋಗುವುದುಂಟು. ಆದರೆ ಈ ಮೂರರ ಅರ್ಥ ಒಂದೇ ಅಲ್ಲ.

ಶಕ್ತಿಯನ್ನು ಪಡೆಯದೆ ಸದಾ ಕೆಲಸ ಮಾಡುವ ಯಂತ್ರವನ್ನು ರಚಿಸುವುದು ‘ಇಂಪಾಸಿಬಲ್’. ಅದಕ್ಕೆ ನಿಸರ್ಗ ನಿಯಮವೇ ಅಡ್ಡಿ. ವಾಯೇಜರ್-1 ನೌಕೆಯ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 17 ಕಿ.ಮೀ.ನಂತೆ, ಸಮೀಪದ ನಕ್ಷತ್ರಕ್ಕೆ ಮನುಷ್ಯರು ಪಯಣಿಸುವುದು ‘ಇಂಪ್ರಾಕ್ಟಿಕಬಲ್’. ಯಾವ ನಿಯಮವೂ ಅದನ್ನು ತಡೆಯುವುದಿಲ್ಲ. ಆದರೆ 70,000ಕ್ಕೂ ಹೆಚ್ಚು ವರ್ಷಗಳು ಬೇಕು. ಚಮಚದಿಂದ ನೀರು ಹೊತ್ತು ಮೂರನೆಯ ಮಹಡಿಯ ತೊಟ್ಟಿ ತುಂಬಿಸುವುದು ‘ಇಂಪ್ರಾಕ್ಟಿಕಲ್’. ಮಾಡಬಹುದು, ಆದರೆ ಜಾಣತನವಲ್ಲ.

ಇನ್ನೊಂದು ತೊಡಕೂ ಇದೆ. ‘ಪ್ರಾಕ್ಟಿಕಲಿ’ ಎಂಬ ಪದಕ್ಕೆ ‘ಪ್ರಾಯೋಗಿಕವಾಗಿ’ ಎಂಬ ಅರ್ಥವಿರುವಂತೆ ‘ಬಹುಮಟ್ಟಿಗೆ’ ಎಂಬ ಅರ್ಥವೂ ಇದೆ. ಆದ್ದರಿಂದ ‘ಪ್ರಾಕ್ಟಿಕಲಿ ಇಂಪಾಸಿಬಲ್’ ಎಂದಾಗ ಯಾವ ಅರ್ಥ ಎಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು.

ಇದು ಕೇವಲ ಪದಗಳ ಜಗಳವೇ? ಅಲ್ಲ. ನ್ಯೂಟ್ರಿನೊ ಕಣದ ಇತಿಹಾಸವನ್ನು ನೋಡಿ.

ಬೀಟಾ ಕ್ಷಯದಲ್ಲಿ ಹೊರಬರುವ ಎಲೆಕ್ಟ್ರಾನುಗಳ ಶಕ್ತಿ ಒಂದೇ ಸಮನಾಗಿಲ್ಲ ಎಂಬುದನ್ನು 1914ರಲ್ಲಿ ಚಾಡ್ವಿಕ್ ಕಂಡುಕೊಂಡರು. ಹಾಗಾದರೆ ಉಳಿದ ಶಕ್ತಿ ಎಲ್ಲಿ ಹೋಯಿತು? ಶಕ್ತಿ ಸಂರಕ್ಷಣೆಯ ನಿಯಮವನ್ನೇ ಕೈಬಿಡಬೇಕಾದೀತೇ ಎಂದು ನೀಲ್ಸ್ ಬೋರ್ ಅವರಂಥವರೂ ಯೋಚಿಸಿದ್ದರು. 1930ರ ಡಿಸೆಂಬರಿನಲ್ಲಿ ವೂಲ್ಫ್‌ಗಾಂಗ್ ಪೌಲಿ ಬೇರೊಂದು ಪರಿಹಾರ ಸೂಚಿಸಿದರು: ವಿದ್ಯುದಾವೇಶವಿಲ್ಲದ, ಕಣ್ತಪ್ಪಿಸಿಕೊಳ್ಳುವ ಕಣವೊಂದು ಆ ಶಕ್ತಿಯನ್ನು ಹೊತ್ತೊಯ್ಯುತ್ತದೆ. ಎನ್ರಿಕೊ ಫರ್ಮಿ ಈ ಕಣವನ್ನು ಸೇರಿಸಿಕೊಂಡು ಬೀಟಾ ಕ್ಷಯದ ಸಿದ್ಧಾಂತವನ್ನು ರಚಿಸಿದರು.

ಹಾಗಾದರೆ ಅದನ್ನು ಹಿಡಿಯುವುದು ಹೇಗೆ? 1934ರಲ್ಲಿ ಮ್ಯಾಂಚೆಸ್ಟರಿನಲ್ಲಿದ್ದ ಹಾನ್ಸ್ ಬೆಥೆ ಮತ್ತು ರುಡಾಲ್ಫ್ ಪೈಯರ್ಲ್ಸ್ ಲೆಕ್ಕ ಹಾಕಿದರು. ಅವರ ಪ್ರಕಾರ ನ್ಯೂಟ್ರಿನೊ ಒಂದು ಬೀಜಕಣದೊಡನೆ ವರ್ತಿಸುವ ಅಡ್ಡಕೊಯ್ತದ ವಿಸ್ತೀರ್ಣ 10⁻⁴⁴ ಚ.ಸೆಂ.ಮೀ.ಗಿಂತ ಕಡಿಮೆ. ಅಂದರೆ ಅದು ಘನವಸ್ತುವಿನಲ್ಲಿ ಸುಮಾರು 10¹⁶ ಕಿ.ಮೀ. ದೂರ ತೂರಿ ಹೋಗಬಲ್ಲದು. ಬೆಳಕು ಇಷ್ಟು ದೂರ ಸಾಗಲು ಸಾವಿರ ವರ್ಷ ಬೇಕು! ನ್ಯೂಟ್ರಿನೊವನ್ನು ವೀಕ್ಷಿಸಲು ಪ್ರಾಯೋಗಿಕವಾಗಿ ಸಾಧ್ಯವಾದ ದಾರಿಯಿಲ್ಲ ಎಂದು ಅವರು ‘ನೇಚರ್’ ಪತ್ರಿಕೆಯಲ್ಲಿ ತೀರ್ಮಾನಿಸಿದರು. ಗಮನಿಸಿ, ಅವರು ಬರಿಯ ‘ಅಸಾಧ್ಯ’ ಎನ್ನಲಿಲ್ಲ. ‘ಪ್ರಾಕ್ಟಿಕಲಿ’ ಎಂಬ ಪದವನ್ನು ಬಳಸಿದ್ದರು.

ಆ ಒಂದು ಪದದಲ್ಲಿ 1934ರ ಪ್ರಯೋಗಶಾಲೆಯ ಇತಿಮಿತಿ ಅಡಗಿತ್ತು. ಆಗಿನ್ನೂ ಬೈಜಿಕ ವಿದಳನ ಗೊತ್ತಿರಲಿಲ್ಲ. 1938ರ ಕೊನೆಯಲ್ಲಿ ಅದರ ಆವಿಷ್ಕಾರವಾಯಿತು. 1942ರಲ್ಲಿ ಷಿಕಾಗೋದಲ್ಲಿ ಮೊದಲ ರಿಯಾಕ್ಟರ್ ಕೆಲಸ ಮಾಡಿತು. ರಿಯಾಕ್ಟರ್ ಎಂದರೆ ನ್ಯೂಟ್ರಿನೊಗಳ (ಸರಿಯಾಗಿ ಹೇಳುವುದಾದರೆ ಪ್ರತಿನ್ಯೂಟ್ರಿನೊಗಳ) ಭಾರಿ ಬುಗ್ಗೆ.

1956ರಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಸವಾನಾ ರಿವರ್ ರಿಯಾಕ್ಟರಿನ ಬಳಿ, ನೆಲದಡಿಯಲ್ಲಿ ಸುಮಾರು 400 ಲೀಟರ್ ನೀರನ್ನು ಗುರಿಯಾಗಿ ಇಟ್ಟರು. ನೀರಿನಲ್ಲಿ ಕ್ಯಾಡ್ಮಿಯಂ ಕ್ಲೋರೈಡ್ ಕರಗಿಸಿದ್ದರು. ಈಗ ನೀವೇ ಲೆಕ್ಕ ಹಾಕಿ. ಅಷ್ಟು ನೀರಿನ ಹೈಡ್ರೊಜನ್‌ನಲ್ಲಿ ಸುಮಾರು 2.7×10²⁸ ಪ್ರೋಟಾನುಗಳಿವೆ. ಪ್ರತಿ ಚದರ ಸೆಂಟಿಮೀಟರಿನ ಮೂಲಕ ಸೆಕೆಂಡಿಗೆ ಸುಮಾರು 10¹³ ಕಣಗಳು ಹಾಯುತ್ತಿದ್ದವು. ಅಡ್ಡಕೊಯ್ತ ಸುಮಾರು 6×10⁻⁴⁴ ಚ.ಸೆಂ.ಮೀ. ಮೂರನ್ನೂ ಗುಣಿಸಿದರೆ ನಿಮಿಷಕ್ಕೆ ಸುಮಾರು ಒಂದು ಘಟನೆ! ಉಪಕರಣ ಗುರುತಿಸುತ್ತಿದ್ದುದು ಅವುಗಳಲ್ಲಿ ಸ್ವಲ್ಪ ಭಾಗವನ್ನು ಮಾತ್ರ: ಗಂಟೆಗೆ ಸುಮಾರು ಮೂರು.

ಗುರುತಿಸಿದ್ದು ಹೇಗೆ? ಪ್ರತಿನ್ಯೂಟ್ರಿನೊ ಪ್ರೋಟಾನಿಗೆ ಬಡಿದಾಗ ಪಾಸಿಟ್ರಾನ್ ಮತ್ತು ನ್ಯೂಟ್ರಾನ್ ಹುಟ್ಟುತ್ತವೆ. ಪಾಸಿಟ್ರಾನ್ ಎಲೆಕ್ಟ್ರಾನಿನೊಡನೆ ಸೇರಿ ನಾಶವಾಗಿ ಎರಡು ಗಾಮಾ ಕಿರಣಗಳಾಗುತ್ತದೆ. ಕೆಲವು ಮೈಕ್ರೊಸೆಕೆಂಡುಗಳ ಬಳಿಕ ಕ್ಯಾಡ್ಮಿಯಂ ಆ ನ್ಯೂಟ್ರಾನನ್ನು ಹೀರಿಕೊಂಡು ಮತ್ತೆ ಗಾಮಾ ಕಿರಣಗಳನ್ನು ಸೂಸುತ್ತದೆ. ಹೀಗೆ ಒಂದರ ಹಿಂದೊಂದು ಬರುವ ಈ ಜೋಡಿ ಸಂಕೇತವೇ ಸಾಕ್ಷಿ. 1956ರ ಜೂನ್‌ನಲ್ಲಿ ಪೌಲಿಯವರಿಗೆ ತಂತಿ ಹೋಯಿತು. ರೈನ್ಸ್ ಅವರಿಗೆ 1995ರಲ್ಲಿ ನೊಬೆಲ್ ಬಹುಮಾನ ಬಂದಿತು. ಕೋವನ್ 1974ರಲ್ಲೇ ತೀರಿಕೊಂಡಿದ್ದರು.

ಬೆಥೆ-ಪೈಯರ್ಲ್ಸ್ ಅಂದಾಜು ಮಾಡಿದ ಅಡ್ಡಕೊಯ್ತ ಎಷ್ಟು ಅತ್ಯಲ್ಪವೋ, ಅಳತೆಯಲ್ಲಿ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ ಅತ್ಯಲ್ಪ. ಬದಲಾದದ್ದು ಗುಣಾಕಾರದ ಇತರ ಸಂಖ್ಯೆಗಳು: ಕಣಗಳ ಹರಿವು ಮತ್ತು ಗುರಿಯ ಗಾತ್ರ.

ಈ ಕಥೆಗೆ ನಮ್ಮ ಕೋಲಾರವೂ ಸೇರಿದೆ. ವಿಶ್ವಕಿರಣಗಳು ವಾಯುಮಂಡಲದಲ್ಲಿ ಉಂಟುಮಾಡುವ ನ್ಯೂಟ್ರಿನೊಗಳನ್ನು 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ ಪತ್ತೆ ಮಾಡಲಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೊಡನೆ ಜಪಾನಿನ ಒಸಾಕ ಮತ್ತು ಬ್ರಿಟನ್ನಿನ ಡರ್ಹಮ್‌ನ ವಿಜ್ಞಾನಿಗಳು ಇದರಲ್ಲಿ ಕೈಜೋಡಿಸಿದ್ದರು. ಮೇಲಿನ ಬಂಡೆ ಉಳಿದ ಕಣಗಳನ್ನು ಬಹುಪಾಲು ತಡೆಯುತ್ತಿತ್ತು. ಅದೇ ವರ್ಷ ರೈನ್ಸ್ ತಂಡ ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಇಂಥದೇ ಫಲಿತಾಂಶ ಪಡೆಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು.

ಕನ್ನಡದಲ್ಲಿ ನಮಗೆ ಪದಗಳ ಬಡತನವಿಲ್ಲ. ನಿಯಮವೇ ತಡೆದರೆ ‘ಅಸಾಧ್ಯ’, ಸಾಧನ ಸಾಲದಿದ್ದರೆ ‘ಸದ್ಯಕ್ಕೆ ಕಾರ್ಯಸಾಧ್ಯವಲ್ಲ’, ಲಾಭವಿಲ್ಲದಿದ್ದರೆ ‘ಅವ್ಯಾವಹಾರಿಕ’ ಎನ್ನಬಹುದು. ತರಗತಿಯಲ್ಲಿ ಯಾರಾದರೂ “ಅದು ಅಸಾಧ್ಯ” ಎಂದಾಗ ಅಧ್ಯಾಪಕರು ಎರಡು ಪ್ರಶ್ನೆಗಳನ್ನು ಕೇಳಲಿ: ತಡೆಯುತ್ತಿರುವುದು ಯಾವ ನಿಯಮ? ನಿಯಮವಲ್ಲವಾದರೆ, ಯಾವ ಸಂಖ್ಯೆ? ಎರಡನೆಯ ಪ್ರಶ್ನೆಗೆ ಉತ್ತರ ದೊರೆತರೆ, ಆ ಸಂಖ್ಯೆಯನ್ನು ಬದಲಿಸುವುದು ಹೇಗೆಂದು ವಿದ್ಯಾರ್ಥಿಗಳು ಯೋಚಿಸತೊಡಗಬಹುದು.