ಪ್ರೊಬೇಷನ್ ಷರತ್ತು ಉಲ್ಲಂಘನೆಯ ಆರೋಪ: ರಕ್ಷಣೆಯ ಹಕ್ಕುಗಳು ಬೆಳೆದುಬಂದ ಬಗೆ

ತಪ್ಪಿತಸ್ಥನೆಂದು ತೀರ್ಮಾನವಾದವನನ್ನು ಜೈಲಿಗೆ ಕಳಿಸದೆ, ಕೆಲವು ಷರತ್ತುಗಳಿಗೆ ಒಪ್ಪಿಸಿ ನ್ಯಾಯಾಲಯ ಹೊರಗೆ ಬಿಡುವ ವ್ಯವಸ್ಥೆಯೇ ಪ್ರೊಬೇಷನ್. ಗೊತ್ತಾದ ದಿನ ಅಧಿಕಾರಿಯ ಮುಂದೆ ಹಾಜರಾಗುವುದು, ದಂಡ ಮತ್ತು ಪರಿಹಾರ ಕಟ್ಟುವುದು, ಅನುಮತಿಯಿಲ್ಲದೆ ಊರು ಬಿಡದಿರುವುದು, ಮತ್ತೆ ಅಪರಾಧಕ್ಕೆ ಇಳಿಯದಿರುವುದು ಇಂಥ ಷರತ್ತುಗಳು. ಹೊಸದಾಗಿ ನೌಕರಿಗೆ ಸೇರಿದವರ ಪ್ರೊಬೇಷನ್ ಅವಧಿಗೂ ಇದಕ್ಕೂ ಸಂಬಂಧವಿಲ್ಲ. ಷರತ್ತು ಮುರಿದನೆಂಬ ಆರೋಪ ಬಂದಾಗ ಹಳೆಯ ಶಿಕ್ಷೆ ಮತ್ತೆ ತಲೆಯ ಮೇಲೆ ಬರುತ್ತದೆ. ಆ ಆರೋಪವನ್ನು ಎದುರಿಸುವ ಹಕ್ಕು ಮೊದಲಿನಿಂದಲೂ ಇದ್ದದ್ದಲ್ಲ. ಈ ವ್ಯವಸ್ಥೆ ಹುಟ್ಟಿ ಬೆಳೆದ ಅಮೆರಿಕದಲ್ಲಿ ಅದನ್ನು ಕಟ್ಟಿಕೊಟ್ಟದ್ದು ಬಹುಮಟ್ಟಿಗೆ ಷರತ್ತು ಮುರಿದರೆಂದು ಜೈಲು ಸೇರಿ, ಅಲ್ಲಿಂದ ನ್ಯಾಯಾಲಯದ ಮೊರೆಹೋದವರ ಮೊಕದ್ದಮೆಗಳು.

ಪ್ರೊಬೇಷನ್ನಿನ ಮೂಲಪುರುಷನೆಂದು ಹೆಸರಾದವನು ಬಾಸ್ಟನ್ ನಗರದ ಬೂಟು ತಯಾರಕ ಜಾನ್ ಅಗಸ್ಟಸ್. 1841ರಲ್ಲಿ ಅವನು ಪೊಲೀಸ್ ನ್ಯಾಯಾಲಯದಲ್ಲಿ ಒಬ್ಬ ಕುಡುಕನಿಗೆ ಜಾಮೀನು ನಿಂತ. ಮೂರು ವಾರದ ಬಳಿಕ ಆ ಮನುಷ್ಯ ಕುಡಿತ ಬಿಟ್ಟು ಶುಚಿಯಾಗಿ ಬಂದು ನಿಂತಾಗ ನ್ಯಾಯಾಧೀಶರು ವಿಧಿಸಿದ ದಂಡ ಒಂದು ಸೆಂಟ್ ಮತ್ತು ಮೊಕದ್ದಮೆಯ ಖರ್ಚು ಮಾತ್ರ. 1859ರಲ್ಲಿ ಸಾಯುವ ಹೊತ್ತಿಗೆ ಅಗಸ್ಟಸ್ ಸುಮಾರು 2,000 ಮಂದಿಗೆ ಜಾಮೀನಾಗಿದ್ದ. 1878ರಲ್ಲಿ ಮಸಾಚುಸೆಟ್ಸ್ ರಾಜ್ಯ ಇದಕ್ಕೆ ಕಾನೂನು ಮಾಡಿ ಸಂಬಳದ ಅಧಿಕಾರಿಯ ನೇಮಕಕ್ಕೆ ದಾರಿ ಮಾಡಿತು. ಶಿಕ್ಷೆಯನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವ ಅಧಿಕಾರ ಫೆಡರಲ್ ನ್ಯಾಯಾಲಯಗಳಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 1916ರಲ್ಲಿ ಹೇಳಿದ್ದರಿಂದ, ಫೆಡರಲ್ ಪ್ರೊಬೇಷನ್ ಕಾಯ್ದೆ ಬರಲು 1925ರವರೆಗೆ ಕಾಯಬೇಕಾಯಿತು.

ಅಗಸ್ಟಸ್‌ನ ಔದಾರ್ಯದಿಂದ ಹುಟ್ಟಿದ್ದಕ್ಕೆ ಔದಾರ್ಯದ ಗುಣವೇ ಅಂಟಿಕೊಂಡಿತು. ದಯೆಯಿಂದ ಕೊಟ್ಟದ್ದನ್ನು ಕೊಟ್ಟವರೇ ಹಿಂತೆಗೆದುಕೊಂಡರೆ ಕೇಳುವ ಹಕ್ಕು ಯಾರಿಗೂ ಇಲ್ಲ ಎಂಬುದು ಆಗಿನ ನ್ಯಾಯಾಲಯಗಳ ತರ್ಕ. 1935ರ ಎಸ್ಕೋ ವಿರುದ್ಧ ಜರ್ಬ್ಸ್ಟ್ ಮೊಕದ್ದಮೆಯಲ್ಲಿ, ವಿಚಾರಣೆಯೇ ಇಲ್ಲದೆ ಒಬ್ಬನನ್ನು ನೇರವಾಗಿ ಲೆವನ್ವರ್ತ್ ಸೆರೆಮನೆಗೆ ಒಯ್ಯಲಾಗಿತ್ತು. ಅವನನ್ನು ನ್ಯಾಯಾಧೀಶರ ಮುಂದೆ ತರಲೇಬೇಕಿತ್ತು ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕಾರ್ಡೋಜೊ ತೀರ್ಪಿತ್ತರು. ಆದರೆ ಕಾಯ್ದೆ ಹಾಗೆ ಹೇಳುತ್ತದೆ ಎಂಬುದಷ್ಟೇ ಅವರು ಕೊಟ್ಟ ಕಾರಣ. ಸಂವಿಧಾನದ ಆಸರೆ ಇದಕ್ಕಿಲ್ಲ, ಪ್ರೊಬೇಷನ್ ಒಂದು ಅನುಗ್ರಹ ಎಂಬ ಅವರ ಮಾತೇ ಮುಂದಿನ ಮೂರು ದಶಕ ಆಳಿತು. ಕೈದಿಗೆ ಅನುಕೂಲವಾದ ತೀರ್ಪೊಂದು ಅವನಂಥ ಸಾವಿರಾರು ಜನರ ದಾರಿಗೆ ಅಡ್ಡವಾದದ್ದು ಈ ಇತಿಹಾಸದ ದೊಡ್ಡ ದುರಂತ.

ಬದಲಾವಣೆ ಬಂದದ್ದು 1967ರ ಮೆಂಪಾ ವಿರುದ್ಧ ರೇ ತೀರ್ಪಿನಿಂದ. ವಾಷಿಂಗ್ಟನ್ ರಾಜ್ಯದ ಹದಿನೇಳು ವರ್ಷದ ಹುಡುಗನೊಬ್ಬ ಬೇರೆಯವರ ಕಾರನ್ನು ಓಡಿಸಿ ಸಿಕ್ಕಿಬಿದ್ದು ಪ್ರೊಬೇಷನ್ ಪಡೆದಿದ್ದ. ಕೆಲವೇ ತಿಂಗಳಲ್ಲಿ ಅವನ ಮೇಲೆ ಕಳವಿನ ಆರೋಪ ಬಂತು. ವಕೀಲರಿಲ್ಲದೆ ನಡೆದ ಚುಟುಕು ವಿಚಾರಣೆಯಲ್ಲಿ ಹುಡುಗ ಒಪ್ಪಿಕೊಂಡ, ಹತ್ತು ವರ್ಷದ ಶಿಕ್ಷೆ ಬಿತ್ತು. ಹೀಗೆ ಮುಂದೂಡಿದ ಶಿಕ್ಷೆಯನ್ನು ವಿಧಿಸುವಾಗಲೂ ವಕೀಲರು ಇರಲೇಬೇಕು ಎಂದು ಅದೇ ವರ್ಷ ನ್ಯಾಯಪೀಠ ಸೇರಿದ್ದ ಥರ್ಗುಡ್ ಮಾರ್ಷಲ್ ಬರೆದರು.

1972ರ ಮಾರಿಸಿ ವಿರುದ್ಧ ಬ್ರೂವರ್ ತೀರ್ಪು ಪೆರೋಲಿಗೆ, ಅಂದರೆ ಅವಧಿಗೆ ಮೊದಲೇ ಷರತ್ತಿನ ಮೇಲೆ ಜೈಲಿನಿಂದ ಬಿಡುವುದಕ್ಕೆ, ಸಂಬಂಧಿಸಿದ್ದಾದರೂ ಇಂದಿಗೂ ಎಲ್ಲಕ್ಕೂ ಅದೇ ತಳಪಾಯ. ಷರತ್ತಿನ ಸ್ವಾತಂತ್ರ್ಯವೂ ಸ್ವಾತಂತ್ರ್ಯವೇ, ಅದನ್ನು ಕಿತ್ತುಕೊಳ್ಳಲು ಕ್ರಮಬದ್ಧ ವಿಚಾರಣೆ ಬೇಕು ಎಂದು ಅದು ಸ್ಥಾಪಿಸಿತು. ಆರೋಪದಲ್ಲಿ ಹುರುಳಿದೆಯೇ ಎಂದು ನೋಡಲು ಬಂಧನದ ಬೆನ್ನಲ್ಲೇ ಪ್ರಾಥಮಿಕ ವಿಚಾರಣೆ ನಡೆಯಬೇಕು, ಆಮೇಲೆ ಅಂತಿಮ ವಿಚಾರಣೆ. ಆರೋಪವೇನೆಂದು ಬರವಣಿಗೆಯಲ್ಲಿ ತಿಳಿಸಬೇಕು, ಪುರಾವೆ ತೋರಿಸಬೇಕು. ಆರೋಪಿ ತಾನೇ ಮಾತಾಡಬಹುದು, ತನ್ನ ಸಾಕ್ಷಿಗಳನ್ನು ಕರೆಸಬಹುದು, ತಕ್ಕ ಕಾರಣವಿದ್ದು ತಡೆದ ಹೊರತು ಎದುರಿನ ಸಾಕ್ಷಿಗೆ ಪಾಟೀಸವಾಲು ಹಾಕಬಹುದು. ವಿಚಾರಣೆ ನಡೆಸುವವರು ನಿಷ್ಪಕ್ಷಪಾತಿಗಳಾಗಿರಬೇಕು, ತೀರ್ಮಾನದ ಕಾರಣವನ್ನು ಬರೆದುಕೊಡಬೇಕು. ಮರುವರ್ಷ ಗ್ಯಾಗ್ನನ್ ವಿರುದ್ಧ ಸ್ಕಾರ್ಪೆಲ್ಲಿ ತೀರ್ಪು ಇದೆಲ್ಲವನ್ನೂ ಪ್ರೊಬೇಷನ್ನಿಗೆ ವಿಸ್ತರಿಸಿತು. ಆದರೆ ಬಡವನಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಪ್ರಶ್ನೆಯಲ್ಲಿ ನ್ಯಾಯಾಲಯ ಹಿಂಜರಿಯಿತು: ಆರೋಪವನ್ನು ನಿರಾಕರಿಸುವವನಿಗೆ, ಇಲ್ಲವೇ ಹೇಳಿಕೊಳ್ಳಲು ಕಷ್ಟವಾದ ಜಟಿಲ ಕಾರಣಗಳಿರುವವನಿಗೆ ಕೊಡಬೇಕು, ಉಳಿದಂತೆ ಆಯಾ ಪ್ರಕರಣ ನೋಡಿ ಎಂದಿತು. ಓದುಬರಹ ಬಾರದವನು ತನ್ನ ಪ್ರಕರಣ ಜಟಿಲವೆಂದು ತಾನೇ ಮನಗಾಣಿಸಬೇಕಾದ ಈ ಸ್ಥಿತಿ ಅನ್ಯಾಯದ್ದೇ. ಅನೇಕ ರಾಜ್ಯಗಳೂ ಫೆಡರಲ್ ನಿಯಮಗಳೂ ಮುಂದೆ ಈ ಕೊರತೆಯನ್ನು ತಾವಾಗಿಯೇ ತುಂಬಿದವು.

ಅತ್ಯಂತ ಮಾನವೀಯವಾದ ತೀರ್ಪು 1983ರ ಬಿಯರ್ಡನ್ ವಿರುದ್ಧ ಜಾರ್ಜಿಯಾ. ಓದಲು ಬಾರದ ಕೂಲಿಯೊಬ್ಬನಿಗೆ 500 ಡಾಲರ್ ದಂಡ, 250 ಡಾಲರ್ ಪರಿಹಾರ ಕಟ್ಟಬೇಕೆಂಬ ಷರತ್ತು ಇತ್ತು. ಮೊದಲ 200 ಡಾಲರನ್ನು ತಂದೆತಾಯಿಯಿಂದ ಸಾಲ ಪಡೆದು ಕಟ್ಟಿದ. ಅಷ್ಟರಲ್ಲಿ ಕೆಲಸ ಹೋಯಿತು, ಬೇರೆ ಕೆಲಸ ಸಿಗಲಿಲ್ಲ, ಬಾಕಿ ಉಳಿಯಿತು, ಪ್ರೊಬೇಷನ್ ರದ್ದಾಯಿತು. ಹಣವಿದ್ದೂ ಕೊಡದವನಿಗೂ ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಹೊಂದಿಸಲಾಗದವನಿಗೂ ವ್ಯತ್ಯಾಸವಿದೆ, ಕಾರಣ ವಿಚಾರಿಸದೆ, ಬೇರೆ ಶಿಕ್ಷೆ ಸಾಕಾದೀತೇ ಎಂದು ಯೋಚಿಸದೆ ಬಡತನಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಬರೆದರು. ಉದ್ದೇಶಪೂರ್ವಕವಾಗಿ ತಪ್ಪಿಲ್ಲ ಎಂಬ ವಾದಕ್ಕೆ ಇಂದು ವಕೀಲರು ಮೊದಲು ತೆಗೆಯುವ ಪುಟ ಇದೇ.

ಹಾಗೆಂದು ದಾರಿ ಸುಗಮವಾಯಿತೆಂದಲ್ಲ. ಹೊಸ ಅಪರಾಧದ ವಿಚಾರಣೆಯಲ್ಲಿರುವಂತೆ ಇಲ್ಲಿ ಜ್ಯೂರಿ ಇರುವುದಿಲ್ಲ. ಸಂದೇಹಾತೀತ ಪುರಾವೆಯೂ ಬೇಕಾಗಿಲ್ಲ. ಆದ್ದರಿಂದ ಹೊಸ ಮೊಕದ್ದಮೆಯಲ್ಲಿ ಖುಲಾಸೆಯಾದವನ ಪ್ರೊಬೇಷನ್ ಅದೇ ಘಟನೆಗಾಗಿ ರದ್ದಾಗುವುದು ಬಹುತೇಕ ರಾಜ್ಯಗಳಲ್ಲಿ ಸಾಧ್ಯ. ಪ್ರೊಬೇಷನ್ ಅಧಿಕಾರಿಯ ಪ್ರಶ್ನೆಗೆ ಸುಮ್ಮನಿರುವ ಹಕ್ಕನ್ನು ಬಾಯಿಬಿಟ್ಟು ಕೇಳದೆ ಕೊಟ್ಟ ಉತ್ತರವನ್ನು ಅವನ ವಿರುದ್ಧವೇ ಬಳಸಬಹುದೆಂದು 1984ರಲ್ಲಿ ಮಿನ್ನೆಸೋಟದ ಪ್ರಕರಣದಲ್ಲಿ ತೀರ್ಮಾನವಾಯಿತು. ವಾರಂಟಿಲ್ಲದೆ ಮನೆ ಶೋಧಿಸಲು 1987ರ ವಿಸ್ಕಾನ್ಸಿನ್ ಪ್ರಕರಣ ಅವಕಾಶ ಕೊಟ್ಟಿತು. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ಮಾತ್ರ 1975ರಲ್ಲಿಯೇ, ರದ್ದತಿಯ ವಿಚಾರಣೆಯಲ್ಲಿ ಆರೋಪಿ ಆಡಿದ ಮಾತನ್ನು ಅಪರಾಧದ ವಿಚಾರಣೆಯಲ್ಲಿ ನೇರ ಪುರಾವೆಯಾಗಿ ಬಳಸದಂತೆ ಕಾಪು ಒದಗಿಸಿತ್ತು.

ಈ ತೀರ್ಪುಗಳಿಂದ ಆರೋಪಿಗೆ ಉಳಿದಿರುವ ದಾರಿಗಳು ಹೀಗಿವೆ. ಉಲ್ಲಂಘನೆ ನಡೆದೇ ಇಲ್ಲವೆಂದು ಹಾಜರಿ ದಾಖಲೆ, ರಸೀದಿ, ಸಾಕ್ಷಿಗಳ ಮೂಲಕ ತೋರಿಸಬಹುದು. ನಡೆದಿದೆ, ಆದರೆ ಕಾಯಿಲೆಯೋ ನಿರುದ್ಯೋಗವೋ ಕಾರಣ ಎನ್ನಬಹುದು. ತಪ್ಪನ್ನು ಒಪ್ಪಿಕೊಂಡು, ಜೈಲಿನ ಬದಲು ಚಿಕಿತ್ಸೆ, ಸಮುದಾಯ ಸೇವೆ, ಷರತ್ತಿನ ಮಾರ್ಪಾಡು ಅಥವಾ ಅವಧಿಯ ವಿಸ್ತರಣೆ ಕೇಳಬಹುದು. ಅಭಿಯೋಜಕರೊಂದಿಗೆ ಮಾತುಕತೆಯಲ್ಲಿ ಹೆಚ್ಚು ಪ್ರಕರಣ ಮುಗಿಯುವುದು ಈ ಹಂತದಲ್ಲಿಯೇ. ಪ್ರೊಬೇಷನ್ ಅವಧಿ ಮುಗಿಯುವ ಮೊದಲೇ ವಾರಂಟ್ ಅಥವಾ ಸಮನ್ಸ್ ಹೊರಟಿತ್ತೇ ಎಂಬುದೂ ಫೆಡರಲ್ ಕಾನೂನಿನಲ್ಲಿ ಗಟ್ಟಿ ತಕರಾರು. ಇದೆಲ್ಲ ಕೈಗೂಡದಿದ್ದರೆ ಮೇಲ್ಮನವಿ.

ಸಂಗೀತಗಾರ ಮೀಕ್ ಮಿಲ್ ಪ್ರಕರಣ ಈ ವ್ಯವಸ್ಥೆಯ ಬಿಗಿಯನ್ನು ಜಗತ್ತಿಗೆ ತೋರಿಸಿತು. 2008ರಲ್ಲಿ ತಪ್ಪಿತಸ್ಥನೆಂದು ತೀರ್ಮಾನವಾದ ಪ್ರಕರಣದ ಪ್ರೊಬೇಷನ್ ಸುಮಾರು ಒಂದು ದಶಕ ಎಳೆಯಿತು. ಅಭಿಯೋಜಕರು ಜೈಲು ಕೇಳದಿದ್ದರೂ, ಷರತ್ತು ಮುರಿದನೆಂದು ಫಿಲಡೆಲ್ಫಿಯಾದ ನ್ಯಾಯಾಧೀಶರು 2017ರಲ್ಲಿ ಎರಡರಿಂದ ನಾಲ್ಕು ವರ್ಷದ ಸೆರೆವಾಸ ವಿಧಿಸಿದರು. 2018ರ ಏಪ್ರಿಲ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಅವನು ಹೊರಬಂದ, ಮರುವರ್ಷ ಮೂಲ ಶಿಕ್ಷೆಯೇ ರದ್ದಾಯಿತು. ಪೆನ್ಸಿಲ್ವೇನಿಯಾ 2023ರಲ್ಲಿ ತನ್ನ ಪ್ರೊಬೇಷನ್ ಕಾನೂನನ್ನು ತಿದ್ದಿತು. ಹೆಸರು, ಹಣ, ಒಳ್ಳೆಯ ವಕೀಲರು ಇದ್ದವನಿಗೇ ಐದು ತಿಂಗಳು ಬೇಕಾಯಿತು ಎಂಬುದನ್ನು ಮರೆಯಬಾರದು.

ಭಾರತದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೇ ಕಲಮು ಮೊದಲ ಬಾರಿ ತಪ್ಪಿದವರನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಟ್ಟಿತ್ತು. ಬಳ್ಳಾರಿ, ದಕ್ಷಿಣ ಕನ್ನಡಗಳು ಸೇರಿದ್ದ ಮದ್ರಾಸು ಪ್ರಾಂತ 1936ರಲ್ಲಿ, ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತ 1938ರಲ್ಲಿ ತಮ್ಮವೇ ಕಾಯ್ದೆ ಮಾಡಿಕೊಂಡವು. ದೇಶಕ್ಕೆಲ್ಲ ಒಂದೇ ಆದ ಕಾಯ್ದೆ 1958ರದು. ಅಮೆರಿಕ 1970ರ ದಶಕದಲ್ಲಿ ತೀರ್ಪುಗಳ ಮೂಲಕ ತಲುಪಿದ ನೆಲೆಗಳಲ್ಲಿ ಕೆಲವನ್ನು ನಮ್ಮ ಸಂಸತ್ತು ಅದರ 9ನೇ ಕಲಮಿನಲ್ಲಿ ಮೊದಲೇ ಬರೆದಿಟ್ಟಿತ್ತು. ಪ್ರೊಬೇಷನ್ ಅಧಿಕಾರಿಯ ವರದಿ ಬಂದರೆ ನ್ಯಾಯಾಲಯ ವಾರಂಟ್ ಹೊರಡಿಸಬಹುದು. ಸರಿಯೆನಿಸಿದರೆ ಆರೋಪಿಗೂ ಅವನ ಜಾಮೀನುದಾರರಿಗೂ ಸಮನ್ಸ್ ಕಳಿಸಿದರೂ ಸಾಕು. ವಿಚಾರಣೆ ಮುಗಿಯುವವರೆಗೆ ಜಾಮೀನು ಕೊಡಬಹುದು. ಪ್ರಕರಣ ಕೇಳಿದ ಮೇಲೆಯೇ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು. ಅದು ಮೊದಲ ತಪ್ಪಾದರೆ ಮುಚ್ಚಳಿಕೆಯನ್ನು ಹಾಗೆಯೇ ಉಳಿಸಿ 50 ರೂಪಾಯಿ ಮೀರದ ದಂಡ ಹಾಕಿ ಬಿಡಬಹುದು. ಮೊದಲ ಸಲ ಎಡವಿದವನ ಪರ ವಕೀಲರು ಒತ್ತಿ ಹೇಳಬೇಕಾದ ಅವಕಾಶ ಇದು. 8ನೇ ಕಲಮಿನಡಿ ಷರತ್ತು ಬದಲಿಸುವಾಗಲೂ ಅವನ ಅಹವಾಲು ಕೇಳಲೇಬೇಕು.

ಮೂಲ ಅಪರಾಧಕ್ಕೆ ಆಮೇಲೆ ಶಿಕ್ಷೆಯಾದರೆ ಜೈಲಿನ ಜೊತೆಗೆ ಇನ್ನೊಂದು ನಷ್ಟವಿದೆ. ಅಪರಾಧಿ ಎಂಬ ಕಾರಣಕ್ಕೆ ಕಾನೂನು ಹೇರುವ ಅನರ್ಹತೆಗಳಿಂದ 1958ರ ಕಾಯ್ದೆಯ 12ನೇ ಕಲಮು ಕೊಡುವ ರಕ್ಷಣೆ ಅವನಿಗೆ ದೊರೆಯುವುದಿಲ್ಲ. ಹೀಗಾಗಿ ಇಂಥ ಸಮನ್ಸ್ ಬಂದವರು ತಪ್ಪಿಸಿಕೊಂಡು ತಿರುಗಬಾರದು, ಗೊತ್ತಾದ ದಿನ ಹಾಜರಾಗಬೇಕು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಉಚಿತ ವಕೀಲರನ್ನು ಪಡೆಯುವ ಹಕ್ಕು ಇದೆ.