ಬೇಕಾಗಿದ್ದಾರೆ: ಗುಣಸಂಪನ್ನರು

ಪತ್ರಿಕೆಗಳಲ್ಲಿ 'ಬೇಕಾಗಿದ್ದಾರೆ' ಎಂಬ ತಲೆಬರಹದ ಜಾಹೀರಾತುಗಳನ್ನು ನೀವು ಓದಿರಬಹುದು. ಬೇಕಾಗಿರುವವನು ಲೆಕ್ಕ ಬರೆಯುವ ಒಬ್ಬ ಗುಮಾಸ್ತ. ಅವನು ಚುರುಕಾಗಿರಬೇಕು, ಉತ್ಸಾಹಿಯಾಗಿರಬೇಕು, ಪ್ರಾಮಾಣಿಕನಾಗಿರಬೇಕು, ಎಲ್ಲರೊಡನೆ ಹೊಂದಿಕೊಂಡು ಹೋಗಬೇಕು. ಸಾಲದುದಕ್ಕೆ ಆಕರ್ಷಕ ವ್ಯಕ್ತಿತ್ವವೂ ಇರಬೇಕು. ಇಷ್ಟೆಲ್ಲ ಗುಣಗಳು ಒಬ್ಬನಲ್ಲೇ ನೆಲೆಸಿದ್ದರೆ ಅವನಿಗೆ ಗುಮಾಸ್ತಗಿರಿಯೇ ಏಕೆ ಎಂದು ನಾವು ನಗುತ್ತೇವೆ. ಆದರೆ ಇಂಥ ಪಟ್ಟಿ ಇಂದು ನಿನ್ನೆಯದಲ್ಲ. ಅದಕ್ಕೆ ಸುಮಾರು ಎರಡು ಸಾವಿರ ವರ್ಷಗಳ ಹಿನ್ನೆಲೆಯಿದೆ.

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ಹಸ್ತಪ್ರತಿಯನ್ನು ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ 'ಅರ್ಥಶಾಸ್ತ್ರ'ವೆಂದು ಕಂಡುಕೊಂಡು, 1909ರಲ್ಲಿ ಗ್ರಂಥವನ್ನು ಅಚ್ಚುಮಾಡಿಸಿದರು. ಅದರ ಮೊದಲ ಅಧಿಕರಣದಲ್ಲಿ ಅಮಾತ್ಯನಿಗೆ ಇರಬೇಕಾದ ಗುಣಗಳ ಪಟ್ಟಿಯೊಂದಿದೆ. ಅವನು ಆ ನಾಡಿನವನೂ ಸತ್ಕುಲದವನೂ ಆಗಿರಬೇಕು. ಪ್ರಜ್ಞೆ, ಧಾರಣಶಕ್ತಿ, ದಕ್ಷತೆ, ವಾಕ್ಪಟುತ್ವ ಬೇಕು. ಉತ್ಸಾಹ, ಕಷ್ಟಸಹಿಷ್ಣುತೆ, ಶುಚಿತ್ವ, ಸ್ನೇಹಶೀಲತೆ, ದೃಢಭಕ್ತಿ ಬೇಕು. ಬಿಂಕವೂ ಚಾಪಲ್ಯವೂ ಕೂಡದು.

ನಮ್ಮ ಜಾಹೀರಾತು ಇಲ್ಲಿಗೆ ನಿಂತುಬಿಡುತ್ತದೆ. ಕೌಟಿಲ್ಯನಾದರೋ ಮುಂದಿನ ಪ್ರಶ್ನೆಯನ್ನು ಕೇಳಿಕೊಳ್ಳುತ್ತಾನೆ: ಈ ಗುಣಗಳಿವೆಯೆಂದು ತಿಳಿಯುವುದು ಹೇಗೆ? ಹುಟ್ಟಿದ ನಾಡನ್ನು ನಂಬತಕ್ಕ ಆಪ್ತರಿಂದ ತಿಳಿಯಬೇಕು. ವಿದ್ಯೆಯನ್ನು ಅದೇ ವಿದ್ಯೆ ಬಲ್ಲವರಿಂದ. ದಕ್ಷತೆಯನ್ನು ಕೆಲಸ ಕೊಟ್ಟು ನೋಡಬೇಕು. ಮಾತಿನ ಶಕ್ತಿಯನ್ನು ಸಂಭಾಷಣೆಯಲ್ಲಿ, ಉತ್ಸಾಹವನ್ನೂ ಸಹನೆಯನ್ನೂ ಆಪತ್ತಿನಲ್ಲಿ, ಶುಚಿತ್ವವನ್ನು ವ್ಯವಹಾರದಲ್ಲಿ ಕಾಣಬೇಕು. ಶೀಲವನ್ನೂ ಆರೋಗ್ಯವನ್ನೂ ಜೊತೆಯಲ್ಲಿ ಬಾಳಿದವರನ್ನು ಕೇಳಬೇಕು. ಎಲ್ಲ ಗುಣಗಳೂ ಒಬ್ಬನಲ್ಲಿ ಕೂಡಿಬರುತ್ತವೆಂಬ ಭ್ರಮೆಯೂ ಅವನಿಗಿಲ್ಲ. ಕಾಲು ಪಾಲು ಕಡಿಮೆಯಿದ್ದರೆ ಮಧ್ಯಮ, ಅರ್ಧ ಕಡಿಮೆಯಿದ್ದರೆ ಅವನಿಗಿಂತ ಕೆಳಗಿನವನು, ಅಷ್ಟೆ.

ಇದರ ಜೊತೆಗೆ ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಗುಪ್ತಪರೀಕ್ಷೆಗಳುಂಟು. ಹಣದ ಆಸೆಗೆ ಬಗ್ಗದವನಿಗೆ ಬೊಕ್ಕಸದ ಕೆಲಸ, ಧರ್ಮಪರೀಕ್ಷೆಯಲ್ಲಿ ಗೆದ್ದವನಿಗೆ ನ್ಯಾಯಸ್ಥಾನ. ಸೋತವನನ್ನು ಕೂಡ ಹೊರಗೆ ಅಟ್ಟುವುದಿಲ್ಲ. ಗಣಿಗೋ ಕಾಡಿಗೋ ಕಾರ್ಖಾನೆಗೋ ಕಳಿಸುತ್ತಾರೆ. ಗೂಢಚಾರರನ್ನು ಬಿಟ್ಟು ಆಸೆ ತೋರಿಸುವ ಈ ಕ್ರಮವನ್ನು ನಾವು ಮೆಚ್ಚಬೇಕಾಗಿಲ್ಲ. ಕೆಡದವನನ್ನು ಪರೀಕ್ಷೆಯೇ ಕೆಡಿಸೀತು, ಆಮೇಲೆ ಅದಕ್ಕೆ ಮದ್ದು ಸಿಗದೆ ಹೋದೀತು ಎಂಬ ಅಳುಕು ಕೌಟಿಲ್ಯನಿಗೂ ಇತ್ತು.

ಚರಕಸಂಹಿತೆಯ ಪಟ್ಟಿ ಇನ್ನೂ ಚಿಕ್ಕದು. ರೋಗಿಯ ಪರಿಚಾರಕನಿಗೆ ಬೇಕಾದುವು ನಾಲ್ಕೇ ಗುಣಗಳು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಇವುಗಳಲ್ಲಿ ಒಂದಿಲ್ಲದಿದ್ದರೂ ನರಳುವವನು ರೋಗಿ. ಗುಣವು ಹೀಗೆ ಕೆಲಸಕ್ಕೆ ಅಂಟಿಕೊಂಡಿರುವುದರಿಂದ ಅದಕ್ಕೆ ಅರ್ಥವಿದೆ.

ಆದರೆ ಹಳೆಯದೆಲ್ಲ ಚಿನ್ನವಲ್ಲ. ಕೌಟಿಲ್ಯನ ಪಟ್ಟಿಯ ಮೊದಲಲ್ಲೇ ಕುಲವಿದೆಯೆಂಬುದನ್ನು ಮರೆಯಬಾರದು. ಗುಣದ ಹೆಸರಿನಲ್ಲಿ ಬಾಗಿಲು ಮುಚ್ಚುವುದೂ ಅಷ್ಟೇ ಪುರಾತನವಾದುದು. ನೇಮಕ ಮಾಡುವವರ ಕೃಪೆಯನ್ನು ತಪ್ಪಿಸಲೆಂದು 1855ರಲ್ಲಿ ಭಾರತದ ಸಿವಿಲ್ ಸರ್ವೀಸಿಗೆ ಸ್ಪರ್ಧಾಪರೀಕ್ಷೆ ಬಂದಿತು; ಆ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಪರೀಕ್ಷೆಯೊಂದೇ ಸಾಲದೆಂಬುದನ್ನು ಮೈಸೂರು ಸಂಸ್ಥಾನವೂ ಕಂಡುಕೊಂಡಿತು. ಸರ್ಕಾರಿ ನೌಕರಿ ಒಂದೇ ವರ್ಗದ ಕೈಯಲ್ಲಿ ಉಳಿದಿರುವುದನ್ನು ಸರಿಪಡಿಸುವ ಬಗೆಯನ್ನು ಸೂಚಿಸಲು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು.

ಇದನ್ನೆಲ್ಲ ನೆನೆದು ಜಾಹೀರಾತಿಗೆ ಮರಳಿದರೆ ನಗು ಮಾಯವಾಗುತ್ತದೆ. ಲೆಕ್ಕ ಗೊತ್ತಿಲ್ಲವೆಂದು ತಿರಸ್ಕರಿಸಲ್ಪಟ್ಟವನು ಲೆಕ್ಕ ಕಲಿತು ಮತ್ತೆ ಬರಬಹುದು. ಆಕರ್ಷಕ ವ್ಯಕ್ತಿತ್ವವಿಲ್ಲವೆಂದು ತಿರಸ್ಕರಿಸಲ್ಪಟ್ಟವನು ಏನನ್ನು ಕಲಿಯಬೇಕು? ಅವನ ಮಾತಿನ ಧಾಟಿಯೋ, ಉಡುಪೋ, ಮೈಬಣ್ಣವೋ, ಹುಟ್ಟಿದ ಕೇರಿಯೋ, ಯಾವುದು ಆ ಮಾತಿನ ಮರೆಯಲ್ಲಿ ಅಡ್ಡಬಂದಿತೆಂದು ಅವನಿಗೆ ಯಾರೂ ಹೇಳುವುದಿಲ್ಲ. ಅರ್ಜಿಯಲ್ಲಿ 'ನಾನು ಉತ್ಸಾಹಿ, ನಾನು ಪ್ರಾಮಾಣಿಕ' ಎಂದು ತನ್ನನ್ನು ತಾನೇ ಹೊಗಳಿಕೊಳ್ಳುವ ಸಂಕೋಚವಷ್ಟೇ ಅವನ ಪಾಲಿಗೆ ಉಳಿಯುತ್ತದೆ. ಗುಣವನ್ನು ಕೇಳುವುದು ತಪ್ಪಲ್ಲ. ಆದರೆ ಆ ಗುಣ ಯಾವ ಕೆಲಸಕ್ಕೆ ಬೇಕು, ಅದನ್ನು ಗುರುತಿಸುವ ಬಗೆ ಯಾವುದು ಎಂಬುದನ್ನು ಹೇಳುವ ಹೊಣೆ ಕೇಳುವವನದು. ಆ ಹೊಣೆಯನ್ನು ಕೌಟಿಲ್ಯನು ರಾಜನ ಮೇಲೆ ಹೊರಿಸಿದ್ದ. ನಾವು ಅದನ್ನು ಕೆಲಸವಿಲ್ಲದವನ ಹೆಗಲಿಗೆ ದಾಟಿಸಿದ್ದೇವೆ.