ಕಾರಿನ ಕಿಟಕಿಗೂ ಮರೆವು!

ನಮ್ಮ ಬಯಲುಸೀಮೆ ಬಿಸಿಲಿಗೆ ಕಾರಿನ ಬ್ಯಾಟರಿ ಬೇಗ ಸಾಯುತ್ತೆ. ನನ್ನದೂ ಸತ್ತಿತು. ಚಳ್ಳಕೆರೆಯಲ್ಲಿ ಹೊಸದು ಹಾಕಿಸಿಕೊಂಡು ಮೊಳಕಾಲ್ಮೂರಿನ ಕಡೆ ಹೊರಟೆ. ತಳುಕಿನ ಹತ್ತಿರ (ತ.ರಾ.ಸು. ಹೆಸರಿನ 'ತ' ಇದೇ ಊರು) ಧೂಳು ನುಗ್ಗಿತು ಅಂತ ಕಿಟಕಿಯ ಸ್ವಿಚ್ ಎಳೆದು ಬಿಟ್ಟರೆ ಗಾಜು ಅರ್ಧಕ್ಕೇ ನಿಂತಿತು. ಮೊದಲೆಲ್ಲ ಒಮ್ಮೆ ಎಳೆದರೆ ತಾನೇ ಪೂರ್ತಿ ಮುಚ್ಚಿಕೊಳ್ತಿತ್ತು. ಈಗ ಬೆರಳು ಹಿಡಿದಷ್ಟು ಹೊತ್ತು ಮಾತ್ರ ಏರುತ್ತೆ. ದಾರಿಯಲ್ಲಿ ಒಬ್ಬ ಮೆಕ್ಯಾನಿಕ್ "ಮೋಟರ್ ಹೋಗಿದೆ ಸಾರ್" ಅಂದ. ಮೋಟರ್ ಗಟ್ಟಿಮುಟ್ಟಾಗೇ ಇತ್ತು, ಅದಕ್ಕೆ ಮರೆವು ಬಂದಿತ್ತು ಅಷ್ಟೆ!

ಈ ಮರೆವಿಗೊಂದು ಇತಿಹಾಸ ಇದೆ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಹಿಡಿ ತಿರುಗಿಸಿ ತಿರುಗಿಸಿ ಗಾಜು ಏರಿಸ್ತಿದ್ದೆವಲ್ಲ, ಅದಕ್ಕೂ ಎಷ್ಟೋ ಮೊದಲೇ, 1940ರಲ್ಲಿ, ಅಮೆರಿಕದ ಪ್ಯಾಕರ್ಡ್ ಕಾರಿಗೆ ಗುಂಡಿ ಒತ್ತಿದರೆ ಏರುವ ಕಿಟಕಿ ಬಂದಿತ್ತು. ಅದು ಎಣ್ಣೆಯ ಒತ್ತಡದಿಂದ ಏರೋದು (ನಮ್ಮ ಚಳ್ಳಕೆರೆಯ ಕಡಲೆಕಾಯಿ ಎಣ್ಣೆ ಅಲ್ಲ ಮತ್ತೆ :) ). 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ ಪೂರ್ತಿ ವಿದ್ಯುತ್ ಮೋಟರ್ ಬಂತು.

ಮೋಟರಿಗೆ ಬಲ ಇತ್ತು, ಬುದ್ಧಿ ಇರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ನಿಂತ ಮಗುವಿನ ಮೊಣಕಾಲು ಗುಂಡಿಗೆ ತಾಗಿದರೆ ಗಾಜು ಮೇಲೇರಿ ಕುತ್ತಿಗೆಗೆ ಬರೋದು. ಹೀಗೆ ಮಕ್ಕಳು ಸತ್ತರು. ಅದಕ್ಕೇ ಅಮೆರಿಕ 2005ರಲ್ಲಿ ಕಾಯ್ದೆ ಮಾಡಿತು: ಮುಚ್ಚಬೇಕಾದರೆ ಸ್ವಿಚ್ಚನ್ನು ಒತ್ತಬಾರದು, ಮೇಲಕ್ಕೆ ಎಳೆಯಬೇಕು. ಮೊಣಕಾಲು ಎಳೆಯಲಾರದಲ್ಲ! ಇನ್ನು ತಾನಾಗಿ ಮುಚ್ಚುವ ಗಾಜಿಗೆ ಅಲ್ಲೂ ಯುರೋಪಿನಲ್ಲೂ ಒಂದು ಮಿತಿ ಇದೆ. ಏನಾದರೂ ಅಡ್ಡ ಸಿಕ್ಕರೆ 100 ನ್ಯೂಟನ್, ಅಂದರೆ ಸುಮಾರು ಹತ್ತು ಕೆ.ಜಿ. ಭಾರದಷ್ಟು ಒತ್ತಡ ಮೀರುವ ಮೊದಲೇ ಗಾಜು ಹಿಂದೆ ಸರಿಯಬೇಕು.

ಇಲ್ಲೊಂದು ತಮಾಷೆ ಇದೆ. ಗಾಜು ಕೊನೆಗೆ ಮೇಲಿನ ರಬ್ಬರಿಗೂ ಒತ್ತಲೇಬೇಕು. ಅದನ್ನೂ ಬೆರಳು ಅಂತ ತಿಳಿದು ವಾಪಸ್ ಇಳಿದರೆ ಕಿಟಕಿ ಮುಚ್ಚೋದು ಯಾವಾಗ? ಅದಕ್ಕೇ ಕೊನೆಯ 4 ಮಿ.ಮೀ.ಗೆ ನಿಯಮದಲ್ಲೇ ವಿನಾಯಿತಿ. ಆದರೆ ಆ 4 ಮಿ.ಮೀ. ಎಲ್ಲಿ ಶುರು ಅಂತ ಮೋಟರಿಗೆ ಗೊತ್ತಿರಬೇಕಲ್ಲ? ಅದಕ್ಕಾಗಿ ಒಂದು ಪುಟ್ಟ ಸೆನ್ಸರ್ ಮೋಟರಿನ ಸುತ್ತುಗಳನ್ನು ಎಣಿಸ್ತಾ ಇರುತ್ತೆ. ಬ್ಯಾಟರಿ ತೆಗೆದಾಗ ಎಷ್ಟೋ ಕಾರುಗಳಲ್ಲಿ ಈ ಲೆಕ್ಕ ಅಳಿಸಿಹೋಗುತ್ತೆ. ಲೆಕ್ಕ ತಪ್ಪಿದ ಮೋಟರ್ ತಾನಾಗಿ ಮುಚ್ಚಲು ಒಪ್ಪೋದಿಲ್ಲ. ಒಪ್ಪದಿರೋದೇ ಸರಿ ಅನ್ನಿ.

ನಾನು ಮಾಡಿದ್ದು ಇಷ್ಟೇ. ಇಗ್ನಿಷನ್ ಆನ್ ಇಟ್ಟು ಗಾಜನ್ನು ಪೂರ್ತಿ ಇಳಿಸಿದೆ. ಆಮೇಲೆ ಸ್ವಿಚ್ ಎಳೆದು ಹಿಡಿದು ಪೂರ್ತಿ ಏರಿಸಿ, ಮುಚ್ಚಿದ ಮೇಲೂ ಕೆಲವು ಸೆಕೆಂಡ್ ಬಿಡಲಿಲ್ಲ. ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಯ್ತು. ಕಾರಿನಿಂದ ಕಾರಿಗೆ ಈ ಕ್ರಮ ಸ್ವಲ್ಪ ಬೇರೆ, ಕೈಪಿಡಿ ನೋಡಿ. ಈ ಹೊತ್ತಿನಲ್ಲಿ ಅಡ್ಡ ಬಂದ ಬೆರಳು ಅದಕ್ಕೆ ಗೊತ್ತಾಗದೇ ಇರಬಹುದು, ಮಕ್ಕಳನ್ನು ದೂರ ಇಡಿ. ಇಷ್ಟಾದ ಮೇಲೂ ಗಾಜು ಏರಿ ಏರಿ ತಾನೇ ಇಳಿದರೆ ಅದು ಮರೆವಲ್ಲ, ಧೂಳು. ಗಾಜು ಜಾರುವ ರಬ್ಬರ್ ಕಾಲುವೆಯಲ್ಲಿ ಮಣ್ಣು ಕೂತರೆ ಆ ತಡೆಯನ್ನೇ ಕೈ ಅಂತ ತಿಳಿಯುತ್ತೆ. ನಮ್ಮ ಕಡೆ ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸ್ತಿರಬೇಕು.

ಒಂದು ಮಾತು. ನಮ್ಮಲ್ಲಿ ಓಡಾಡೋ ಅನೇಕ ಕಾರುಗಳಲ್ಲಿ ಈ ಬುದ್ಧಿವಂತಿಕೆ ಇರೋದು ಚಾಲಕನ ಕಿಟಕಿಗೆ ಮಾತ್ರ. ಮಕ್ಕಳು ಕೂರುವ ಹಿಂದಿನ ಕಿಟಕಿಗಳಿಗೆ ಇವತ್ತೂ ಬರೀ ಬಲ. ಚಾಲಕನ ಬಾಗಿಲಲ್ಲಿ ಕಿಟಕಿ ಲಾಕ್ ಮಾಡುವ ಗುಂಡಿ ಇರುತ್ತಲ್ಲ, ನಾನಂತೂ ಅದನ್ನು ಒತ್ತಿಯೇ ಗಾಡಿ ಬಿಡೋದು.